ವಾರಂಟಿ ಇರೋ ಗಾಡಿಗೆ ‘ಇದು ನಾರ್ಮಲ್’ ಅಂತ ಕಳಿಸಿದ್ರೆ ಮುಂದೇನು? ದಾವಣಗೆರೆ–ದುರ್ಗದ ಓನರ್‌ಗಳ ಚರ್ಚೆ

ಹದಡಿ ರೋಡ್ ಡೀಸೆಲ್
ಬಿಎಸ್6 ಡೀಸೆಲ್ ಎಸ್‌ಯುವಿ, ವಾರಂಟಿ ಇನ್ನೂ ಇದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಲೈಟ್ ಮತ್ತೆ ಮತ್ತೆ ಬರ್ತಿದೆ. ಸರ್ವೀಸ್ ಸೆಂಟರ್‌ನವರು ಸ್ಕ್ಯಾನರ್ ಹಾಕಿ ರೀಜನರೇಶನ್ (ಆ ಮಸಿ ಸುಡೋ ಕೆಲಸ) ಮಾಡಿ, "ನಿಮ್ದು ಸಿಟಿ ಡ್ರೈವಿಂಗ್ ಸರ್, ಇದು ನಾರ್ಮಲ್" ಅಂತ ಕೀ ಕೊಡ್ತಾರೆ. ಗಾಡಿ ಪ್ರತಿ ವಾರ ಹೈವೇನಲ್ಲಿ ಚಿತ್ರದುರ್ಗಕ್ಕೆ ಹೋಗಿ ಬರುತ್ತೆ. ಈಗ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮ್ಯಾಕ್ಸ್ ಗೆರೆಯ ಮೇಲೆ ಕಾಣ್ತಿದೆ. ಇದು ಡಿಫೆಕ್ಟಾ, ಬಳಕೆಯ ತಪ್ಪಾ? ಕಂಪನಿ ಒಪ್ಪೋ ಹಾಗೆ ಹೇಗೆ ಕೇಳಬೇಕು? ಕಂಪನಿ, ಡೀಲರ್ ಹೆಸರು ಇಲ್ಲಿ ಬೇಡ, ದಾರಿ ಬೇಕು.

ದುರ್ಗದ ವರ್ಕ್‌ಶಾಪ್
ಮೊದಲು ಆಯಿಲ್ ವಿಷಯ. ಮ್ಯಾಕ್ಸ್ ದಾಟಿದ್ರೆ ಓಡಿಸೋದು ನಿಲ್ಲಿಸಿ. ಸಮತಟ್ಟು ಜಾಗದಲ್ಲಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಹಾಕಿ ನೋಡಿ. ಆಗಲೂ ಮೇಲೆ ಇದ್ರೆ ಆಯಿಲ್‌ಗೆ ಡೀಸೆಲ್ ಸೇರಿದೆ ಅಂತಲೇ ತಿಳ್ಕೊಳ್ಳಿ. ಮೂಸಿ ನೋಡಿದ್ರೂ ಗೊತ್ತಾಗುತ್ತೆ.

ಕಾರಣ ಇಷ್ಟು. ಡಿಪಿಎಫ್‌ನಲ್ಲಿ ಕೂತ ಮಸಿ ಸುಡಬೇಕಂದ್ರೆ ಒಳಗೆ ಸುಮಾರು 550–600 ಡಿಗ್ರಿ ಶಾಖ ಬೇಕು. ಅದಕ್ಕೆ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಪವರ್ ಸ್ಟ್ರೋಕ್‌ನ ಕೊನೇ ಹಂತದಲ್ಲಿ ಇನ್ನಷ್ಟು ಡೀಸೆಲ್ ಚಿಮ್ಮಿಸುತ್ತೆ. ಸುಡೋದು ಪೂರ್ತಿ ಆಗೋ ಮೊದಲೇ ಕೀ ಆಫ್ ಆದ್ರೆ, ಅಥವಾ ಪದೇ ಪದೇ ಸುಡೋ ಪರಿಸ್ಥಿತಿ ಬಂದ್ರೆ, ಆ ಡೀಸೆಲ್‌ನಲ್ಲಿ ಒಂದು ಪಾಲು ಸಿಲಿಂಡರ್ ಗೋಡೆ ಹಿಡಿದು ಸಂಪ್‌ಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯುತ್ತೆ. ತೆಳುವಾದ ಆಯಿಲ್‌ಗೆ ಮೊದಲು ಬಲಿ ಆಗೋದು ಟರ್ಬೋ ಬೇರಿಂಗ್.

ಇನ್ನು ಡಿಫೆಕ್ಟಾ ಬಳಕೆಯಾ ಅನ್ನೋದು. ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿ ಬಂದು ನಿಲ್ಲಿಸೋ ಗಾಡಿಗೆ ಡಿಪಿಎಫ್ ಕಟ್ಟಿದ್ರೆ ಕಂಪನಿ ಹೇಳೋದು ಸರಿ, ಅದಕ್ಕೆ ಸಿಟ್ಟಾಗಬಾರದು. ಇಂಜಿನ್ ಪೂರ್ತಿ ಬಿಸಿಯಾಗೋಕೆ ಮುಂಚೆ ಮನೆ ಬಂದಿರುತ್ತೆ. ಆದ್ರೆ ವಾರವಾರ ಹೈವೇನಲ್ಲಿ ಒಂದೇ ಸಮ 60–80ರ ವೇಗದಲ್ಲಿ 20 ನಿಮಿಷಕ್ಕಿಂತ ಹೆಚ್ಚು ಓಡ್ತಿದ್ದೂ ಲೈಟ್ ಬರ್ತಿದೆ ಅಂದ್ರೆ ಮಸಿ ಜಾಸ್ತಿ ಹುಟ್ಟುತ್ತಿದೆ, ಇಲ್ಲಾ ರೀಜನ್ ಶುರುವೇ ಆಗ್ತಿಲ್ಲ, ಇಲ್ಲಾ ಸೆನ್ಸರ್ ಸುಳ್ಳು ಹೇಳ್ತಿದೆ. ಮೂರಕ್ಕೂ ಪರೀಕ್ಷೆ ಇದೆ.

ಸುಳ್ಳು ಹೇಳೋದು ಡಿಪಿಎಫ್‌ನ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ ಅಳೆಯೋ ಡಿಫರೆನ್ಷಿಯಲ್ ಪ್ರೆಶರ್ ಸೆನ್ಸರ್. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರ್‌ನಲ್ಲಿ ನೋಡಿದ್ರೆ ಅದು ಸೊನ್ನೆ ಆಸುಪಾಸು ತೋರಿಸಬೇಕು. ಇಲ್ಲದಿದ್ರೆ ಸೆನ್ಸರ್ ಅಥವಾ ವೈರಿಂಗ್ ಕೆಟ್ಟಿದೆ. ಅದರ ಎರಡು ಸಣ್ಣ ಹೋಸ್ ಸೀಳಿದ್ರೂ ಲೆಕ್ಕ ತಪ್ಪುತ್ತೆ. ರೀಜನ್ ಶುರುವಾಗದಿರೋಕೆ ದೊಡ್ಡ ಕಾರಣ ಥರ್ಮೋಸ್ಟಾಟ್ (ಕೂಲೆಂಟ್ ಹರಿವು ತಡೆದು ಬಿಡೋ ವಾಲ್ವ್) ತೆರೆದೇ ಸಿಕ್ಕಿಕೊಳ್ಳೋದು. ಹೈವೇನಲ್ಲಿ ಕೂಲೆಂಟ್ 85–95 ಡಿಗ್ರಿ ಇರಬೇಕಾದದ್ದು 70ರ ಹತ್ತಿರವೇ ನಿಂತ್ರೆ ಅನೇಕ ಗಾಡಿಗಳಲ್ಲಿ ಇಸಿಯು ರೀಜನ್‌ಗೆ ಅನುಮತಿ ಕೊಡೋದಿಲ್ಲ. ಮೀಟರ್ ಮುಳ್ಳು ನಂಬಬೇಡಿ, ಸ್ಕ್ಯಾನರ್ ಅಂಕಿ ನೋಡಿ. ಮಸಿ ಹೆಚ್ಚೋದು ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲು ಇಂಜಿನ್‌ಗೆ ವಾಪಸ್ ಬಿಡೋದು) ಪೂರ್ತಿ ಮುಚ್ಚದಿದ್ದಾಗ, ಇಂಜೆಕ್ಟರ್ ಸೋರಿದಾಗ, ಟರ್ಬೋ–ಇಂಟರ್‌ಕೂಲರ್ ಹೋಸ್ ಬಿರುಕು ಬಿಟ್ಟಾಗ. ಹೈವೇ ಓಡೋ ಗಾಡಿಯಲ್ಲಿ ಇವು ಸಾಮಾನ್ಯವಾಗಿ ಡ್ರೈವಿಂಗ್‌ನಿಂದ ಆಗೋದಲ್ಲ.

ಸ್ಕ್ಯಾನರ್‌ನಲ್ಲಿ ಬರೋ ದೋಷದ ಕೋಡ್‌ಗಳು: ಪಿ2463 ಅಂದ್ರೆ ಮಸಿ ತುಂಬಿದೆ. ಪಿ2459 ಅಂದ್ರೆ ರೀಜನ್ ಆಗೋ ಲೆಕ್ಕ ಸರಿಯಿಲ್ಲ. ಪಿ2452ರಿಂದ ಪಿ2455 ಪ್ರೆಶರ್ ಸೆನ್ಸರ್ ಸರ್ಕ್ಯೂಟ್. ಪಿ0128 ಥರ್ಮೋಸ್ಟಾಟ್. ಪಿ2463 ಜೊತೆಗೆ ಪಿ0128 ಇದ್ದೂ ಬರೀ ರೀಜನ್ ಮಾಡಿ ಕಳಿಸಿದ್ರೆ ಅದು ಕೆಲಸ ಅಲ್ಲ, ಕಾಟಾಚಾರ.

ಬಾತಿ ಕ್ರಾಸ್
ರೀಜನ್ ನಡೀತಿದೆ ಅಂತ ಡ್ರೈವರ್‌ಗೆ ಗೊತ್ತಾಗೋದು ಹೇಗೆ? ನನ್ನ ಗಾಡಿ ಮೀಟರ್‌ನಲ್ಲಿ ಏನೂ ತೋರಿಸಲ್ಲ.

ದುರ್ಗದ ವರ್ಕ್‌ಶಾಪ್
ಐಡಲ್ ಆರ್‌ಪಿಎಂ ಸ್ವಲ್ಪ ಏರಿರುತ್ತೆ, ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತೆ, ಆಟೋ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡಲ್ಲ, ಆ ಕ್ಷಣದ ಮೈಲೇಜ್ ಅಂಕಿ ಇದ್ದಕ್ಕಿದ್ದ ಹಾಗೆ ಬೀಳುತ್ತೆ. ಆಗ ಆಫ್ ಮಾಡಬೇಡಿ, ಹತ್ತು ಹದಿನೈದು ನಿಮಿಷ ಓಡಿಸಿ. ಟ್ಯಾಂಕ್ ತೀರಾ ಕಡಿಮೆ ಇದ್ರೆ ಅನೇಕ ಗಾಡಿಗಳಲ್ಲಿ ರೀಜನ್ ಶುರುವಾಗಲ್ಲ, ಕಾಲು ಟ್ಯಾಂಕ್‌ಗಿಂತ ಕೆಳಗೆ ಇಳಿಸಬೇಡಿ. ಡಿಪಿಎಫ್ ಕಿತ್ತು ಪೈಪ್ ಹಾಕಿ ಸಾಫ್ಟ್‌ವೇರ್ ಬದಲಿಸ್ತೀವಿ ಅನ್ನೋರ ಹತ್ತಿರ ಹೋಗಲೇಬೇಡಿ. ಹೊಗೆ ನಿಯಮಕ್ಕೆ ವಿರುದ್ಧ, ವಾರಂಟಿಯೂ ಅಲ್ಲಿಗೆ ಮುಗೀತು.

ಹಳೇ ಅಡ್ವೈಸರ್
ಟೆಕ್ನಿಕಲ್ ಎಲ್ಲಾ ವರ್ಕ್‌ಶಾಪ್ ಅಣ್ಣ ಹೇಳಿದ್ದಾರೆ. ಕೌಂಟರ್ ಆಚೆ ಏನು ನಡೆಯುತ್ತೆ ಅಂತ ನಾನು ಹೇಳ್ತೀನಿ.

ವಾರಂಟಿಯಲ್ಲಿ ಪಾರ್ಟ್ ಹಾಕಿದ್ರೆ ಡೀಲರ್ ಮೊದಲು ತನ್ನ ಸ್ಟಾಕ್‌ನಿಂದ ಹಾಕಿ, ಆಮೇಲೆ ಕಂಪನಿಗೆ ಕ್ಲೈಮ್ ಕಳಿಸಬೇಕು. ದೂರಿನ ಕೋಡ್, ಕಾರಣ, ಫೋಟೋ, ಕೆಲವು ಸಲ ಹಳೇ ಪಾರ್ಟೇ ಹೋಗಬೇಕು. ಕಾಗದ ಸರಿಯಿಲ್ಲ ಅಂತ ಕ್ಲೈಮ್ ತಿರಸ್ಕಾರ ಆದ್ರೆ ನಷ್ಟ ಡೀಲರ್ ತಲೆಗೆ. ಅದಕ್ಕೇ ಸ್ಪಷ್ಟ ಕೋಡ್ ಇಲ್ಲದ ದೂರು ಬಂದಾಗ ಸುಲಭದ ಉತ್ತರ ‘ನಾರ್ಮಲ್’. ಅಡ್ವೈಸರ್ ಕೆಟ್ಟವನು ಅಂತಲ್ಲ, ಅವನ ಕೈಯಲ್ಲಿ ಆಧಾರ ಇರಲ್ಲ. ಆ ಆಧಾರ ಕೊಡಬೇಕಾದವರು ನೀವು, ಕೊಡೋ ಜಾಗ ಜಾಬ್ ಕಾರ್ಡ್, ಅಂದ್ರೆ ಗಾಡಿ ಬಿಡುವಾಗ ದೂರು ಬರೆಯೋ ಹಾಳೆ.

ಜಾಬ್ ಕಾರ್ಡ್‌ನಲ್ಲಿ ಕಸ್ಟಮರ್ ವಾಯ್ಸ್ ಅಂತ ಜಾಗ ಇರುತ್ತೆ. ಅಲ್ಲಿ ‘ಜನರಲ್ ಚೆಕಪ್’ ಅಂತ ಬರೆಯೋಕೆ ಬಿಟ್ರೆ ನಿಮ್ಮ ದೂರು ದಾಖಲೆಯಲ್ಲಿ ಹುಟ್ಟಲೇ ಇಲ್ಲ. ಮೂರು ಸಲ ಹೋಗಿದ್ರೂ ಕಂಪನಿ ಕಂಪ್ಯೂಟರ್‌ನಲ್ಲಿ ಒಂದೇ ದೂರು ಮರುಕಳಿಸಿದ್ದು ಕಾಣಲ್ಲ. ಎಷ್ಟು ವೇಗದಲ್ಲಿ, ಯಾವ ಗೇರ್‌ನಲ್ಲಿ, ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಸಿ ಆನ್ ಇತ್ತೋ, ಹಿಂದಿನ ಜಾಬ್ ಕಾರ್ಡ್ ನಂಬರ್ ಯಾವುದು, ಇಷ್ಟೂ ಇರಲಿ. ಪ್ರತಿ ಸಲವೂ ಅದೇ ಪದ ಬಳಸಿ. ಒಮ್ಮೆ ‘ಪಿಕಪ್ ಇಲ್ಲ’, ಇನ್ನೊಮ್ಮೆ ‘ಜರ್ಕ್’, ಮತ್ತೊಮ್ಮೆ ‘ಲೈಟ್ ಬರುತ್ತೆ’ ಅಂದ್ರೆ ಮೂರು ಬೇರೆ ದೂರುಗಳಾಗುತ್ತವೆ.

ಗಾಡಿ ತಗೊಳ್ಳುವಾಗ ಸ್ಯಾಟಿಸ್‌ಫ್ಯಾಕ್ಷನ್ ನೋಟ್‌ಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ‘ತೊಂದರೆ ಉಳಿದಿದೆ, ಪರೀಕ್ಷೆಗೆ ಒಳಪಟ್ಟು ಪಡೆದಿದ್ದೇನೆ’ ಅಂತ ಕೈಬರಹದಲ್ಲಿ ಬರೆದು ಸಹಿ ಹಾಕಿ. ವಾರಂಟಿ ಕೆಲಸಕ್ಕೂ ಸೊನ್ನೆ ರೂಪಾಯಿ ಬಿಲ್ ಕೇಳಿ. ಹಳೇ ಪಾರ್ಟ್ ಕಂಪನಿಗೆ ವಾಪಸ್ ಹೋಗುತ್ತೆ, ನಿಮಗೆ ಕೊಡಲ್ಲ, ಪಾರ್ಟ್ ನಂಬರ್ ಕಾಣೋ ಹಾಗೆ ಫೋಟೋ ತಗೊಳ್ಳಿ.

ಮತ್ತೆ ‘ಇದು ಈ ಮಾಡೆಲ್‌ನ ಗುಣ’ ಅಂದ್ರೆ ಒಂದೇ ಕೇಳಿ: ಅದೇ ಮಾಡೆಲ್, ಅದೇ ಇಂಜಿನ್‌ನ ಇನ್ನೊಂದು ಗಾಡಿ ಜೊತೆ ಕಂಪಾರಿಸನ್ ಟೆಸ್ಟ್ ಡ್ರೈವ್. ಅದರಲ್ಲೂ ಹಾಗೇ ಇದ್ರೆ ಜಾಬ್ ಕಾರ್ಡ್‌ನಲ್ಲಿ ಬರೆದುಕೊಡಲಿ. ಇಲ್ಲದಿದ್ರೆ ‘ನಾರ್ಮಲ್’ ಅನ್ನೋ ಮಾತು ಅಲ್ಲೇ ಬಿತ್ತು.

ಬೆಣ್ಣೆದೋಸೆ ರೈಡರ್
ಬರೆದುಕೊಡಿ ಅಂದ್ರೆ ಅರ್ಧ ಜನ ಅಲ್ಲೇ ದಾರಿಗೆ ಬರ್ತಾರೆ 😄

ಹದಡಿ ರೋಡ್ ಡೀಸೆಲ್
ಹೈವೇ ಓಡಿಸ್ತೀನಿ ಅಂತ ನಾನು ಹೇಳಿದ್ರೆ ಅವರು ನಂಬಲ್ಲ. ಅದಕ್ಕೆ ಸಾಕ್ಷಿ?

ಹಳೇ ಅಡ್ವೈಸರ್
ಫಾಸ್ಟ್ಯಾಗ್ ಸ್ಟೇಟ್‌ಮೆಂಟ್. ದುರ್ಗಕ್ಕೆ ಹೋಗುವಾಗ ಹೆಬ್ಬಾಳು ಟೋಲ್ ದಾಟಿದ ದಿನ, ಸಮಯ ಎರಡೂ ಅದರಲ್ಲಿ ಇರುತ್ತೆ. ಬೆಂಗಳೂರು ಕಡೆ ಹೋಗೋರಿಗೆ ಹಿರಿಯೂರು ಹತ್ತಿರದ ಗುಯಿಲಾಳು ಟೋಲೂ ಸೇರುತ್ತೆ. ಬ್ಯಾಂಕ್ ಆಪ್‌ನಿಂದ ಪಿಡಿಎಫ್ ಇಳಿಸಿ ಮೇಲ್‌ಗೆ ಲಗತ್ತಿಸಿ. ಕಂಪನಿ ಆಪ್‌ನಲ್ಲಿ ಟ್ರಿಪ್ ಲಾಗ್ ಇದ್ರೆ ಅದನ್ನೂ ಇಳಿಸಿಡಿ. ‘ಸಿಟಿ ಡ್ರೈವಿಂಗ್’ ಅನ್ನೋ ವಾದಕ್ಕೆ ಇದಕ್ಕಿಂತ ಚೊಕ್ಕ ಉತ್ತರ ಇಲ್ಲ.

ಭರಮಸಾಗರ ಬೈಪಾಸ್
ನಂದು ಸಣ್ಣ ಪ್ರಶ್ನೆ. 90 ದಾಟಿದ್ರೆ ಸ್ಟೀರಿಂಗ್ ನಡುಗುತ್ತೆ, ಅಲೈನ್‌ಮೆಂಟ್ ಮಾಡಿಸಿ ಅಂತಾರೆ.

ದುರ್ಗದ ವರ್ಕ್‌ಶಾಪ್
ನಡುಕಕ್ಕೆ ಅಲೈನ್‌ಮೆಂಟ್ ಅಲ್ಲ, ಬ್ಯಾಲೆನ್ಸಿಂಗ್. ಸ್ಟೀರಿಂಗ್ ನಡುಗಿದ್ರೆ ಮುಂದಿನ ಚಕ್ರ, ಸೀಟ್ ನಡುಗಿದ್ರೆ ಹಿಂದಿನದು, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರೆ ಡಿಸ್ಕ್. ಮುಂದಿನ ಎರಡನ್ನು ಹಿಂದಕ್ಕೆ ಹಾಕಿ ಓಡಿಸಿ, ನಡುಕ ಜಾಗ ಬದಲಿಸಿದ್ರೆ ಟೈರ್ ಅಥವಾ ರಿಮ್ ದೋಷ. ಟೈರ್ ವಾರಂಟಿ ಸಾಮಾನ್ಯವಾಗಿ ಟೈರ್ ಕಂಪನಿಯದ್ದು, ಕ್ಲೈಮ್ ಅಲ್ಲಿಗೆ ಹೋಗುತ್ತೆ.

ಭೀಮಸಮುದ್ರ ಅಡಿಕೆ
ನಮ್ಮ ಕಡೆ ಅದಿರು ಲಾರಿ ಓಡೋ ರಸ್ತೆಯ ಧೂಳು ಗೊತ್ತಲ್ಲ. ಟರ್ಬೋ ಹೋದ್ರೆ ‘ಧೂಳು ಒಳಗೆ ಹೋಗಿದೆ, ವಾರಂಟಿ ಬರಲ್ಲ’ ಅಂತಾರೆ. ರಸ್ತೆ ನಾವು ಮಾಡಿದ್ದಾ?

ದುರ್ಗದ ವರ್ಕ್‌ಶಾಪ್
ರಸ್ತೆ ನಿಮ್ಮದಲ್ಲ, ಏರ್ ಫಿಲ್ಟರ್ ನಿಮ್ಮದು. ಓನರ್ ಮ್ಯಾನ್ಯುಯಲ್ ತೆಗೆದು ಕಠಿಣ ಬಳಕೆಯ ಪುಟ ಓದಿ. ಧೂಳಿನ ರಸ್ತೆಗೆ ಫಿಲ್ಟರ್ ಬೇಗ ಬದಲಿಸಿ ಅಂತ ಇರುತ್ತೆ. ಬದಲಿಸಿದ ಬಿಲ್ ಇದ್ರೆ ತಪ್ಪು ನಿಮ್ಮದಲ್ಲ. ಆಮೇಲೆ ನೋಡಬೇಕಾದದ್ದು ಧೂಳು ಎಲ್ಲಿಂದ ಬಂತು ಅಂತ. ಫಿಲ್ಟರ್ ಆದಮೇಲಿನ ಪೈಪ್ ಒಳಗೆ ಬೆರಳು ಆಡಿಸಿ. ಸಣ್ಣ ಮಣ್ಣು ಹತ್ತಿದ್ರೆ ಫಿಲ್ಟರ್ ಬಾಕ್ಸ್ ಕ್ಲಿಪ್ ಕೂತಿಲ್ಲ, ಇಲ್ಲಾ ಹೋಸ್ ಕ್ಲಾಂಪ್ ಸಡಿಲ. ಕೊನೆಯದಾಗಿ ಅದನ್ನ ಬಿಚ್ಚಿದ್ದು ಅವರದೇ ಸರ್ವೀಸ್ ಸೆಂಟರ್ ಆಗಿದ್ರೆ ಅದು ಸೇವೆಯ ಲೋಪ, ಕಂಪನಿ ಡಿಫೆಕ್ಟ್ ಅಲ್ಲ. ಕೇಳೋದು ಡೀಲರ್‌ನ. ಹೊರಗೆ ಏರ್ ಗನ್‌ನಿಂದ ಊದಿಸಿ ಹಾಕಿಸೋ ಅಭ್ಯಾಸ ಬಿಡಿ. ಪೇಪರ್ ಹರಿದ್ರೆ ಕಣ್ಣಿಗೆ ಕಾಣಲ್ಲ.

ಇದೇ ಥರ ಇನ್ನೊಂದು ನೆಪ ‘ಡೀಸೆಲ್ ಕಲಬೆರಕೆ’. ಹಾಗಂದ್ರೆ ಸ್ಯಾಂಪಲ್ ನಿಮ್ಮ ಎದುರೇ ತೆಗೆದು ಸೀಲ್ ಮಾಡಿ, ಲ್ಯಾಬ್ ವರದಿ ಕೊಡಲಿ. ಬಂಕ್ ಬಿಲ್ ಇಟ್ಟುಕೊಳ್ಳಿ. ಪೆಟ್ರೋಲ್‌ಗೆ ಫಿಲ್ಟರ್ ಪೇಪರ್ ಪರೀಕ್ಷೆ, ಎರಡಕ್ಕೂ ಡೆನ್ಸಿಟಿ ಪರೀಕ್ಷೆ ಕೇಳೋ ಹಕ್ಕು ಗ್ರಾಹಕನಿಗೆ ಬಂಕ್‌ನಲ್ಲೇ ಇದೆ.

ಚನ್ನಗಿರಿ ಚಾರ್ಜರ್
ಎಲೆಕ್ಟ್ರಿಕ್ ಸ್ಕೂಟರ್‌ನವರ ಗೋಳೂ ಸೇರಿಸಿ. ‘ರೇಂಜ್ ಬಿದ್ದಿದೆ’ ಅಂತ ಹೋದ್ರೆ ‘ನಿಮ್ಮ ರೈಡಿಂಗ್ ಸ್ಟೈಲ್’ ಅಂತಾರೆ. ಬಾಯಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ, ಅಳತೆ ಬೇಕು. ಟೈರ್ ಗಾಳಿ ಮ್ಯಾನ್ಯುಯಲ್‌ನಲ್ಲಿದ್ದಷ್ಟು, ಒಬ್ಬರೇ ಸವಾರ, ಒಂದೇ ಮೋಡ್, ಒಂದೇ ದಾರಿ, ನೂರಕ್ಕೆ ಚಾರ್ಜ್ ಮಾಡಿ ಹೊರಡಿ. ಪ್ರತಿ ಹತ್ತು ಪರ್ಸೆಂಟ್‌ಗೆ ಓಡೋಮೀಟರ್ ಫೋಟೋ. 40ರಿಂದ 20ಕ್ಕೆ ಧಡಕ್ಕನೆ ಬಿದ್ರೆ ಸೆಲ್‌ಗಳ ನಡುವೆ ವೋಲ್ಟೇಜ್ ಹೊಂದಾಣಿಕೆ ತಪ್ಪಿರೋ ಅನುಮಾನ, ಅದು ಸವಾರನ ತಪ್ಪಲ್ಲ. ಒಂದೇ ಸಮನಾಗಿ ಕಡಿಮೆ ಆಗ್ತಿದ್ರೆ ಬ್ಯಾಟರಿ ವಯಸ್ಸು, ಇಲ್ಲಾ ಬ್ರೇಕ್ ಹಿಡ್ಕೊಂಡಿರೋದು. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ.

ಸರ್ವೀಸ್‌ನಲ್ಲಿ ಬ್ಯಾಟರಿ ಆರೋಗ್ಯದ ಅಂಕಿ, ಅಂದ್ರೆ ಎಸ್‌ಒಎಚ್, ಜಾಬ್ ಕಾರ್ಡ್ ಮೇಲೆ ಬರೆಸಿ. ಬ್ಯಾಟರಿ ವಾರಂಟಿ ಕಾಗದದಲ್ಲಿ ಎಷ್ಟು ಪರ್ಸೆಂಟ್ ಕೆಳಗೆ ಹೋದ್ರೆ ಬದಲಿಸ್ತೀವಿ ಅಂತ ಇದ್ದರೆ ಆ ಎರಡು ಅಂಕಿ ಪಕ್ಕಪಕ್ಕ ಇಟ್ಟು ಕೇಳಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಪ್ಯಾಕ್ ತಣಿಯಲಿ. ಬಿಸಿಗೆ ಪವರ್ ಕಡಿಮೆ ಆಗೋದು ರಕ್ಷಣೆಗೆ ಇಟ್ಟ ವ್ಯವಸ್ಥೆ, ಅದನ್ನ ಡಿಫೆಕ್ಟ್ ಅಂತ ಬರೆದ್ರೆ ಉಳಿದ ನಿಜವಾದ ದೂರಿನ ತೂಕವೂ ಇಳಿಯುತ್ತೆ. ಓಡ್ತಾ ಓಡ್ತಾ ಪೂರ್ತಿ ಆಫ್ ಆಗೋದು ಮಾತ್ರ ಬೇರೆ ವಿಷಯ. ಅದು ಸುರಕ್ಷತೆಯ ದೋಷ, ರೀಕಾಲ್ ಪೋರ್ಟಲ್‌ಗೇ ಹೋಗಬೇಕು.

ಬಾತಿ ಕ್ರಾಸ್
ರೀಕಾಲ್ ಅಂದ್ರೆ ಕಂಪನಿ ತಾನಾಗಿ ಕರೆಯೋದಲ್ವಾ? ನಾವು ದೂರು ಕೊಡೋಕೆ ಆಗುತ್ತಾ?

ವಕೀಲ ಕೆಎ16
ಆಗುತ್ತದೆ. 2012ರಿಂದ ಇದ್ದದ್ದು ತಯಾರಕರ ಸಂಘದ ಸ್ವಯಂಪ್ರೇರಿತ ಸಂಹಿತೆ ಮಾತ್ರ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 110ಎ ಕಲಂ ಸೇರಿತು, ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. 7 ವರ್ಷ ಮೀರದ ವಾಹನಗಳಿಗೆ ಅನ್ವಯ. ದೋಷ ರಸ್ತೆ ಸುರಕ್ಷತೆಗೋ ಪರಿಸರಕ್ಕೋ ಅಪಾಯ ತರುವಂಥದ್ದಾಗಿರಬೇಕು. ಬಿಡಿಭಾಗ ಮಾತ್ರವಲ್ಲ, ಸಾಫ್ಟ್‌ವೇರ್ ಕೂಡ ಸೇರುತ್ತದೆ. ವಾಹನ್ ಪೋರ್ಟಲ್‌ನಲ್ಲಿ ಮಾಲೀಕರೇ ದೂರು ದಾಖಲಿಸಬಹುದು. ವಾರ್ಷಿಕ ಮಾರಾಟಕ್ಕೆ ಅನುಗುಣವಾಗಿ ನಿಗದಿಯಾದಷ್ಟು ದೂರು ಸೇರಿದರೆ ಕಡ್ಡಾಯ ರೀಕಾಲ್ ಪ್ರಕ್ರಿಯೆ ಶುರುವಾಗುತ್ತದೆ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಒಬ್ಬರ ದೂರಿನಿಂದ ಆ ಒಬ್ಬರಿಗೆ ಪರಿಹಾರ ಸಿಗುವುದಿಲ್ಲ, ಅದು ಈ ದಾರಿಯ ಮಿತಿ. ಪೇಂಟ್ ಏಳುವುದು, ಡೋರ್ ಸದ್ದು ಇಲ್ಲಿಗೆ ಬರುವುದೂ ಇಲ್ಲ.

ಹಳೇ ಅಡ್ವೈಸರ್
ಕಂಪನಿ ತಾನೇ ಕರೆದ ಉದಾಹರಣೆ ಬೇಕಾದಷ್ಟಿವೆ. 2021ರ ಮೇನಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್‌ಗಾಗಿ 2,36,966 ಬೈಕ್ ಕರೆಯಿತು. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್‌ಗಾಗಿ 17,362 ಕಾರು ಕರೆಯಿತು. 2022ರ ಏಪ್ರಿಲ್‌ನಲ್ಲಿ, ಬೆಂಕಿ ಪ್ರಕರಣಗಳ ಬೆನ್ನಲ್ಲೇ, ಓಲಾ 1,441 ಸ್ಕೂಟರ್, ಒಕಿನಾವಾ 3,215 ಸ್ಕೂಟರ್. ನಿರ್ದಿಷ್ಟ ಅವಧಿಯಲ್ಲಿ ತಯಾರಾದ ಗಾಡಿಗಳಿಗೆ ಮಾತ್ರ ಅನ್ವಯ ಆಗೋದರಿಂದ 17 ಅಕ್ಷರದ ಚಾಸಿ ನಂಬರ್ ಕಂಪನಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬೇಕು.

ಸೆಕೆಂಡ್ ಹ್ಯಾಂಡ್ ತಗೊಂಡವರು ಮುಖ್ಯವಾಗಿ ನೋಡಿ. ಕರೆ, ಮೆಸೇಜ್ ಎಲ್ಲಾ ಹಳೇ ಓನರ್‌ಗೇ ಹೋಗುತ್ತೆ. ಕೌಂಟರ್‌ನಲ್ಲಿ ಕೇಳೋ ವಾಕ್ಯ ಇದು: "ನನ್ನ ಚಾಸಿ ನಂಬರ್‌ಗೆ ಬಾಕಿ ಇರೋ ಕ್ಯಾಂಪೇನ್ ಅಥವಾ ಸಾಫ್ಟ್‌ವೇರ್ ಅಪ್‌ಡೇಟ್ ಇದೆಯಾ, ನೋಡಿ ಹೇಳಿ." ರೀಕಾಲ್ ಅಂತ ಘೋಷಿಸದೆ ಸರ್ವೀಸ್‌ಗೆ ಬಂದಾಗ ಸದ್ದಿಲ್ಲದೆ ಬದಲಿಸಿ ಕಳಿಸೋ ಕೆಲಸಗಳೂ ಇರುತ್ತವೆ. ಕೇಳದಿದ್ರೆ ಹೇಳಲ್ಲ.

ಹಿರಿಯೂರು ಗೂಡ್ಸ್
ವಕೀಲ್ರೇ, ನಮ್ದು ಮಿನಿ ಟ್ರಕ್. ಮೆಕ್ಕೆಜೋಳ, ತೆಂಗಿನಕಾಯಿ ಸಾಗಿಸೋದು. ಹಳದಿ ಬೋರ್ಡ್‌ಗೆ ಗ್ರಾಹಕ ಕಾಯ್ದೆ ಇಲ್ಲ ಅಂತ ಡೀಲರ್ ಹೇಳ್ತಾನೆ. ನಿಜವಾ?

ವಕೀಲ ಕೆಎ16
ಅರ್ಧ ನಿಜ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡಿದ್ದರೆ ಅದು ವಾಣಿಜ್ಯ ಉದ್ದೇಶವಲ್ಲ ಎಂದು ಅದೇ ಕಲಂನ ವಿವರಣೆ ಹೇಳುತ್ತದೆ. ಒಂದೇ ಗಾಡಿ, ನೀವೇ ಚಾಲಕ, ಬೇರೆ ಆದಾಯವಿಲ್ಲ ಎಂಬುದನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ, ಡಿಎಲ್ ಪ್ರತಿ ಇಡಿ. ನಾಲ್ಕು ಗಾಡಿಗೆ ನಾಲ್ಕು ಡ್ರೈವರ್ ಇಟ್ಟವರಿಗೆ ಈ ವಾದ ಕಷ್ಟ.

ಉಳಿದವರಿಗೂ ಸೇರಿಸಿ ಹೇಳುತ್ತೇನೆ. ಮೊದಲು ಕಂಪನಿ ಕಸ್ಟಮರ್ ಕೇರ್‌ಗೆ ಮೇಲ್, ಅದರ ಟಿಕೆಟ್ ನಂಬರ್. ಏರಿಯಾ ಸರ್ವೀಸ್ ಮ್ಯಾನೇಜರ್ ಡೀಲರ್ ಬಳಿ ಬರುವ ದಿನ ಕೇಳಿ, ಅವರ ಎದುರು ಗಾಡಿ ತೋರಿಸಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಆದೇಶ ಹೊರಡಿಸುವುದಿಲ್ಲ, ಆದರೆ ಕಂಪನಿಯ ಕೇಂದ್ರ ಕಚೇರಿಗೆ ದೂರು ತಲುಪುತ್ತದೆ, ಲಿಖಿತ ಉತ್ತರ ಬರುವ ಸಾಧ್ಯತೆ ಹೆಚ್ಚು. ನಂತರ 15 ದಿನ ಗಡುವು ಕೊಟ್ಟು ಲೀಗಲ್ ನೋಟಿಸ್, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ.

ಗಾಡಿ ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದಾವಣಗೆರೆ, ಚಿತ್ರದುರ್ಗ ಎರಡರಲ್ಲೂ ಆಯೋಗಗಳಿವೆ. ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ಗಡುವು ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬಿಟ್ಟವರ ಕಡೆ ಬೊಟ್ಟು ಮಾಡುತ್ತಾರೆ. ನೋಟಿಸ್ ಸಿಕ್ಕಮೇಲೆ ಅವರಿಗೆ ಉತ್ತರಕ್ಕೆ 30 ದಿನ, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು.

ಬೆಣ್ಣೆದೋಸೆ ರೈಡರ್
ನೇರ ಕೇಳ್ತೀನಿ ಸರ್, ಹೊಸ ಗಾಡಿ ಸಿಗುತ್ತಾ?

ವಕೀಲ ಕೆಎ16
ವಿರಳ. 2006ರ ಮಾರುತಿ ಉದ್ಯೋಗ್–ಸುಶೀಲ್ ಕುಮಾರ್ ಗಬ್ಗೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿ ಇರುವುದು ದೋಷಯುಕ್ತ ಭಾಗ ಬದಲಿಸಲು, ಇಡೀ ಕಾರು ಬದಲಿಸಲು ಅಲ್ಲ ಎಂದಿತು. ಇನ್ನೊಂದು ಕಡೆ, 2022ರ ಹ್ಯುಂಡೈ–ಶೈಲೇಂದ್ರ ಭಟ್ನಾಗರ್ ಪ್ರಕರಣದಲ್ಲಿ ಅಪಘಾತದ ವೇಳೆ ಏರ್‌ಬ್ಯಾಗ್ ತೆರೆಯದ್ದಕ್ಕೆ ವಾಹನ ಬದಲಿಸಿಕೊಡುವ ಆದೇಶವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಹಾಗಾಗಿ ದೂರಿನ ಕೋರಿಕೆಯಲ್ಲಿ ಒಂದೇ ಬೇಡಿಕೆ ಇಡಬೇಡಿ. ದೋಷ ಪೂರ್ತಿ ಸರಿಪಡಿಸಿ ಆ ಭಾಗಕ್ಕೆ ವಾರಂಟಿ ವಿಸ್ತರಣೆ, ಅದಾಗದಿದ್ದರೆ ಬದಲಿ, ಅದೂ ಆಗದಿದ್ದರೆ ಹಣ ವಾಪಸ್, ಹೀಗೆ ಮೆಟ್ಟಿಲಾಗಿ ಕೇಳಿ.

ದೂರು ಬಿದ್ದುಹೋಗುವುದು ಹೆಚ್ಚಾಗಿ ತಜ್ಞರ ವರದಿ ಇಲ್ಲದ್ದಕ್ಕೆ. 38ನೇ ಕಲಂ ಪ್ರಕಾರ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದಕ್ಕೆ ಅರ್ಜಿ ಹಾಕಬೇಕು. ದಾವಣಗೆರೆಯಲ್ಲಿ ಯುಬಿಡಿಟಿ, ಬಿಐಇಟಿ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದವರನ್ನು ತಜ್ಞರಾಗಿ ನೇಮಿಸುವಂತೆಯೂ ಕೋರಬಹುದು. ವಾಟ್ಸಾಪ್ ಮತ್ತು ಫಾಸ್ಟ್ಯಾಗ್ ಪ್ರಿಂಟ್‌ಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯ ದೃಢೀಕರಣ) ಇಟ್ಟರೆ ತಕರಾರಿಗೆ ಎಡೆ ಇರುವುದಿಲ್ಲ.

ಭೀಮಸಮುದ್ರ ಅಡಿಕೆ
ಅಷ್ಟೆಲ್ಲಾ ಬದಲು ಹೊರಗಿನ ಗ್ಯಾರೇಜ್‌ನಲ್ಲಿ ಬಿಚ್ಚಿಸಿ ನೋಡಿದ್ರೆ ಒಂದೇ ದಿನಕ್ಕೆ ಗೊತ್ತಾಗುತ್ತಲ್ಲ.

ದುರ್ಗದ ವರ್ಕ್‌ಶಾಪ್
ಗ್ಯಾರೇಜ್‌ನವನಾಗಿಯೇ ಹೇಳ್ತೀನಿ, ವಾರಂಟಿ ಇರೋವಾಗ ಬಿಚ್ಚಿಸಬೇಡಿ. ಸ್ಕ್ಯಾನ್ ಮಾಡಿಸಿ, ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದ ಇಂಜಿನ್ ಅಂಕಿಗಳು) ಸಮೇತ ರಿಪೋರ್ಟ್ ತಗೊಳ್ಳಿ, ಕೋಡ್ ಅಳಿಸಬೇಡಿ. ಅಳಿಸಿದ್ರೆ ಅಲ್ಲಿ ಹೋದಾಗ ‘ಏನೂ ಕೋಡ್ ಇಲ್ಲ’ ಅಂತಾರೆ. ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಕೂಲೆಂಟ್ ಬಿಸಿ, ಕೋಡ್ ನೋಡೋಕೆ ಸಾಕು, ಆದ್ರೆ ಅನೇಕ ಗಾಡಿಗಳಲ್ಲಿ ಮಸಿಯ ಗ್ರಾಂ ಲೆಕ್ಕ ಅದರಲ್ಲಿ ಬರಲ್ಲ. ನೋಡಿದ ಮೇಲೆ ಕಿತ್ತಿಡಿ, ಅಲ್ಲೇ ಬಿಟ್ರೆ ಬ್ಯಾಟರಿ ಇಳಿಯುತ್ತೆ. ಹೊರಗಿನ ಲೈಟ್, ಹಾರ್ನ್‌ಗೆ ವೈರ್ ಕತ್ತರಿಸಿದ್ರೂ ಅದನ್ನೇ ಹಿಡಿದು ಇಡೀ ಎಲೆಕ್ಟ್ರಿಕಲ್ ವಾರಂಟಿ ಇಲ್ಲ ಅಂತಾರೆ.

ಹಳೇ ಅಡ್ವೈಸರ್
ಹಾಗಂದಾಗ ತಿರಸ್ಕಾರದ ಕಾರಣ ಲಿಖಿತವಾಗಿ ಕೇಳಿ. ಹಾರ್ನ್ ವೈರ್‌ಗೂ ಡಿಪಿಎಫ್‌ಗೂ ಏನು ಸಂಬಂಧ ಅಂತ ಅವರೇ ಬರೀಬೇಕಾಗುತ್ತೆ.

ಹದಡಿ ರೋಡ್ ಡೀಸೆಲ್
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಗಾಡಿ ಟೋ ಮಾಡಿಸಿ ಕಳಿಸ್ತೀನಿ. ಜಾಬ್ ಕಾರ್ಡ್‌ನಲ್ಲಿ ಏನು ಬರೆಸಲಿ?

ಹಳೇ ಅಡ್ವೈಸರ್
ಹೀಗೆ ಬರೆಸಿ: "ಹೈವೇ ಬಳಕೆ ಇದ್ದರೂ ಡಿಪಿಎಫ್ ಲೈಟ್ ಮರುಕಳಿಸುತ್ತಿದೆ, ಹಿಂದಿನ ಜಾಬ್ ಕಾರ್ಡ್ ನಂಬರ್ ಇಂತಿಂಥದ್ದು. ಆಯಿಲ್ ಮಟ್ಟ ಮ್ಯಾಕ್ಸ್ ಮೀರಿದೆ, ಫೋಟೋ ಲಗತ್ತಿಸಿದೆ. ರೀಜನ್ ಮಾಡುವ ಮೊದಲು ಕೋಡ್, ಮಸಿ ಪ್ರಮಾಣ, ಪ್ರೆಶರ್ ಸೆನ್ಸರ್ ಸೊನ್ನೆ ರೀಡಿಂಗ್, ಹೈವೇ ವೇಗದಲ್ಲಿ ಕೂಲೆಂಟ್ ತಾಪ ದಾಖಲಿಸಿ ಪ್ರತಿ ಕೊಡಿ." ಇಂಗ್ಲಿಷ್‌ನಲ್ಲೇ ಟೈಪ್ ಮಾಡ್ತೀವಿ ಅಂದ್ರೆ ಮಾಡಲಿ, ಯಾವ ಅಂಶವೂ ಬಿಟ್ಟುಹೋಗಬಾರದು.

ದುರ್ಗದ ವರ್ಕ್‌ಶಾಪ್
ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸೋಕೆ ಹೇಳಿ. ಬಿಲ್‌ನಲ್ಲಿ ಆಯಿಲ್ ಗ್ರೇಡ್ ನಿಮ್ಮ ಮ್ಯಾನ್ಯುಯಲ್ ಜೊತೆ ತಾಳೆ ನೋಡಿ. ಡಿಪಿಎಫ್ ಗಾಡಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು, ಮಸಿ ಸುಡುತ್ತೆ, ಬೂದಿ ಸುಡಲ್ಲ. ಹಳೇ ಆಯಿಲ್ ಬಿಡುವಾಗ ಎದುರಿಗೇ ನಿಂತು ಅರ್ಧ ಲೀಟರ್ ಚೊಕ್ಕ ಬಾಟಲಿಗೆ ಹಿಡಿಸಿ, ಸೀಲ್ ಹಾಕಿಸಿ, ಮೇಲೆ ದಿನಾಂಕ, ಕಿಲೋಮೀಟರ್ ಬರೆದು ಅಡ್ವೈಸರ್ ಸಹಿ ತಗೊಳ್ಳಿ.